ಹೋಟೆಲಿಗೂ ಎರಡು ಕೊಡ

ಮರಾಠಿ ನಾಡಿನ ಘಣಸೋಲಿಯ ಹಳೇ ಊರಿನ ಅಂಚಿನಲ್ಲಿ, ಸಮುದ್ರದ ನೀರು ಒಳಬರುವ ಖಾಡಿಯ ಪಕ್ಕ, ಹಯಗ್ರೀವರದು ಸಣ್ಣದೊಂದು ಉಡುಪಿ ಹೋಟೆಲು. ಮೇ ತಿಂಗಳ ಆ ಬೆಳಿಗ್ಗೆ ಚಹಾ ಮತ್ತೆ ಒಡೆಯಿತು. ಹಾಲಿನವನನ್ನು ಅವರು ಬಾಯಿಗೆ ಬಂದಂತೆ ಬೈದರು. ಅವನು ಬರೀ ಹಾಲನ್ನು ಒಲೆಗಿಟ್ಟು ಕಾಯಿಸಿ ತೋರಿಸಿದ, ಒಡೆಯಲಿಲ್ಲ. ಹೆಂಡತಿ ವಾರಿಜಾ ನಲ್ಲಿಯ ನೀರನ್ನು ಬಾಯಿಗೆ ಹಾಕಿ ಮುಖ ಕಿವುಚಿದರು.

"ಉಪ್ಪು ಮಾರಾಯ್ರೆ! ನಮ್ಮ ಬೋರಿಗೆ ಖಾಡಿಯ ನೀರು ನುಗ್ಗಿದೆ."

ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನೆಲದ ಸಿಹಿನೀರನ್ನು ಮಿತಿಮೀರಿ ಎಳೆದರೆ ಆ ಜಾಗಕ್ಕೆ ಉಪ್ಪುನೀರು ಬಂದು ಕೂರುತ್ತದೆ. ಈಚೆಗೆ ಮಳೆ ತಡವಾಗಿ ಬಂದು ಬೇಗ ಮುಗಿಯುತ್ತಿತ್ತು; ಹೋಟೆಲಿನ ಪಂಪು ಮಾತ್ರ ದಿನವಿಡೀ ಓಡುತ್ತಿತ್ತು. ಎಲ್ಲ ಗೊತ್ತಿದ್ದೂ ಹಯಗ್ರೀವರು ಇನ್ನಷ್ಟು ಆಳಕ್ಕೆ ಕೊರೆಸಲು ಬೋರಿನ ಲಾರಿಗೆ ಹೇಳಿಬಿಟ್ಟರು. ಹೋಟೆಲು ಮುಚ್ಚಿದರೆ ಗಂಟುಮೂಟೆ ಕಟ್ಟುವುದೇ ಗತಿ ಎಂಬ ಹೆದರಿಕೆ ಅವರಿಗೆ.

ಅಲ್ಲಿಯವರೆಗೆ ಚಹಾಕ್ಕೆ ಏನು ಮಾಡುವುದು? ಪಾತ್ರೆ ತೊಳೆಯುವ ಗುರಮ್ಮನನ್ನು ಕೇಳಿದರು.

"ಊರ ಬಾವಿಯಿಂದ ಎರಡು ಕೊಡ ತರ್ತೀಯಾ?"

"ತರ್ತೀನ್ರಿ ಅಣ್ಣಾರ," ಎಂದಳು ಕಲಬುರಗಿ ಕಡೆಯ ಗುರಮ್ಮ.

ನೀರು ಬಂತು, ಚಹಾ ಸರಿಹೋಯಿತು. ಆ ನೀರು ಯಾರ ಪಾಲಿನದೆಂದು ಕೇಳುವ ಗೋಜಿಗೆ ಹಯಗ್ರೀವರು ಹೋಗಲಿಲ್ಲ.

ಕೆಲವು ದಿನಗಳಲ್ಲೇ ಹಳೇ ಊರಿನ ವನಮಾಲಾ ಹೋಟೆಲಿಗೆ ಬಂದಳು. ಬಾವಿಯ ನೀರು ತಳ ಕಂಡಾಗಿನಿಂದ ಊರವರೂ ಗುರಮ್ಮನಂತೆ ವಲಸೆ ಬಂದ ಗುಡಿಸಲಿನವರೂ ಸೇರಿ ಮನೆಗಿಷ್ಟೇ ಕೊಡ ಎಂದು ಸರದಿ ಮಾಡಿಕೊಂಡಿದ್ದರು. ಅದನ್ನು ನೋಡಿಕೊಳ್ಳುವವಳು ಇವಳೇ. ಜಗಳಕ್ಕೆ ಬಂದಳೆಂದು ಹಯಗ್ರೀವರೇ ಮೊದಲು ದನಿಯೇರಿಸಿದರು.

"ನನಗೂ ಹೊಟ್ಟೆ ಉಂಟು ವನಮಾಲಾಬಾಯಿ! ಪಕ್ಕದಲ್ಲಿ ಎದ್ದ ಹೊಸ ಕಟ್ಟಡದವರ ಬೋರು ಇಲ್ವಾ? ನಾನೊಬ್ಬನೇ ನಿಮ್ಮ ಕಣ್ಣಿಗೆ ಬೀಳುವುದಾ?"

"ಅವರದೂ ಇದೆ, ನಿಮ್ಮದೂ ಇದೆ. ಎಲ್ಲರೂ ಎಳೆದೇ ನಮ್ಮ ಬಾವಿ ಇಳಿದದ್ದು," ವನಮಾಲಾ ಮರಾಠಿಯಲ್ಲಿ ಸಮಾಧಾನವಾಗಿಯೇ ಹೇಳಿದಳು. "ನಾನು ಬಂದದ್ದು ಬೇರೆ ಮಾತಿಗೆ, ಶೇಟ್. ಗುರಮ್ಮ ತನ್ನ ಮನೆಯ ಪಾಲನ್ನೇ ನಿಮಗೆ ತರ್ತಿದ್ದಾಳೆ. ಅವಳ ಮಕ್ಕಳು ಅಕ್ಕಪಕ್ಕದ ಮನೆಯಲ್ಲಿ ನೀರು ಕೇಳಿ ಕುಡೀತಿವೆ. ಇದು ಸರಿಯಲ್ಲ ಅಂತ ನಿನ್ನೆ ಎಲ್ಲರೂ ಕೂತು ಮಾತಾಡಿದೆವು. ಇವತ್ತಿನಿಂದ ಸರದಿಯಲ್ಲಿ ಹೋಟೆಲಿಗೂ ಎರಡು ಕೊಡ."

ಹಯಗ್ರೀವರು ಪಾತ್ರೆ ತೊಳೆಯುತ್ತಿದ್ದ ಗುರಮ್ಮನ ಕಡೆ ತಿರುಗಿದರು.

"ಎಂತಕ್ಕೆ ಹೀಗೆ ಮಾಡಿದ್ದು ಮಾರಾಯ್ತಿ? ಒಂದು ಮಾತು ಹೇಳಬಾರದಿತ್ತಾ?"

"ಊರು ಬಿಟ್ಟು ಬಂದಾಗ ನಮಗ ಮೊದಲ ಅನ್ನ ಹಾಕಿದ್ದು ಈ ಹೋಟೆಲ್ರಿ. ಇದು ಮುಚ್ಚಿದ್ರ ಹೆಂಗ್ರಿ?"

ಹಯಗ್ರೀವರಿಗೆ ಕಣ್ಣು ತುಂಬಿ ಬಂತು. ತಮ್ಮ ಪಂಪು ಇವರೆಲ್ಲರ ಬಾವಿಯನ್ನು ಹೀರುತ್ತಿದ್ದಾಗ ಇವರು ತಮ್ಮನ್ನೂ ಒಂದು ಮನೆಯೆಂದು ಎಣಿಸಿದ್ದರು. ಈ ಋಣವನ್ನು ಎಲ್ಲಿ ತೀರಿಸಲಿ ಎಂದು ಅವರ ಮನಸ್ಸು ತುಂಬಿ ತುಳುಕಿತು.

ಬೋರಿನ ಲಾರಿ ಬೇಡವೆಂದು ಆಗಲೇ ಹೇಳಿಕಳುಹಿಸಿದರು. ಸಂಜೆ ಸರದಿಯವರೆಲ್ಲ ಸೇರುವ ಬಾವಿಕಟ್ಟೆಗೆ ಹೋದರು.

"ಪಂಪು ಇನ್ನು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ, ಪಾತ್ರೆ ತೊಳೆಯುವುದಕ್ಕೆ. ಮಳೆ ಬಂದರೆ ನನ್ನ ಮಾಡಿನ ನೀರು ಈ ಬಾವಿಗೇ ಇಳಿಯಲಿ, ಪೈಪು ನಾನು ಹಾಕಿಸ್ತೇನೆ. ಕಟ್ಟಡದವರ ಹತ್ತಿರ ಮಾತಾಡಲಿಕ್ಕೂ ನಿಮ್ಮ ಜೊತೆ ಬರ್ತೇನೆ," ಎಂದು ಪಂಪಿನ ಕೋಣೆಯ ಕೀಲಿಯನ್ನು ವನಮಾಲಾಳ ಕೈಗಿಟ್ಟರು.

ಅವಳು ಸುತ್ತ ಕೂತವರ ಮುಖ ನೋಡಿ, ಕೀಲಿಯನ್ನು ಮರಳಿಸಿದಳು.

"ಸರದಿಯಲ್ಲಿರೋ ಮನೆಯವರ ಕೀಲಿ ನಾವು ಇಟ್ಟುಕೊಳ್ಳಲ್ಲ ಶೇಟ್."

ಮರುದಿನ ಬೆಳಿಗ್ಗೆ ಗಿರಾಕಿಗಳು ಕಿಕ್ಕಿರಿದಿದ್ದಾಗಲೇ ಹಯಗ್ರೀವರು ಗಲ್ಲಾ ಬಿಟ್ಟು ಎದ್ದರು. ಹಿತ್ತಲಿಗೆ ಹೋಗಿ, ಯಾರೂ ಕಾವಲಿಲ್ಲದ ಆ ಕೋಣೆಯಲ್ಲಿ, ಕೊಟ್ಟ ಮಾತಿನಂತೆ, ಪಂಪು ನಿಲ್ಲಿಸಿ ಬಂದರು.