ತೂಬಿನಲ್ಲಿ ನಲವತ್ತು ನಿಮಿಷ

"ಮೂರು ಮೊಟ್ಟೆ ಒಡ್ದಿದಾವೆ," ಎಂದಳು ಗೇಶೆ, ಹಡಗಿನ ಕಟಕಟೆಯ ಮೇಲಿಂದ ಬಾಗಿ.

"ಸಾಧ್ಯವೇ ಇಲ್ಲ," ಎಂದ ಥೀಸ್. "ಇಪ್ಪತ್ತೆರಡು ವರ್ಷದಿಂದ ಈ ಲಾರಿ ಓಡಿಸ್ತಿದ್ದೀನಿ. ನನ್ನ ಲಾರೀಲಿ ಮೊಟ್ಟೆ ಒಡೆಯಲ್ಲ."

"ಹಾಗಾದ್ರೆ ನಮ್ಮ ಹಡಗಿನ ಕೋಳಿಗಳೇ ಒಡೆದಿರಬೇಕು."

ಆಲೂಗಡ್ಡೆ ಮೂಟೆ ಎತ್ತಿಕೊಳ್ಳುತ್ತಿದ್ದ ಇಬ್ಬರು ನಾವಿಕರು ನಕ್ಕರು. ಥೀಸ್ ನಗಲಿಲ್ಲ. ಎರಡು ವರ್ಷ ನಾಲ್ಕು ತಿಂಗಳ ಮೇಲೆ ಅಪ್ಪ ಮಗಳು ಎದುರುಬದುರು ನಿಂತು ಆಡಿದ ಮೊದಲ ಮಾತು ಇದು. ಅವನು ಬೆಳಿಗ್ಗೆ ನಾಲ್ಕಕ್ಕೇ ಎದ್ದು, ಗಡ್ಡ ಹೆರೆದು, ಹೇಳಬೇಕಾದದ್ದನ್ನು ಕನ್ನಡಿಗೆ ಎರಡು ಸಲ ಹೇಳಿ ಬಂದಿದ್ದ. ಅದರಲ್ಲಿ ಮೊಟ್ಟೆಯ ಮಾತೇ ಇರಲಿಲ್ಲ.

ಬ್ರುನ್ಸ್‌ಬ್ಯುಟೆಲ್‌ನಲ್ಲಿ ಎಲ್ಬೆ ನದಿಯಿಂದ ಕೀಲ್ ಕಾಲುವೆಗೆ ಹೋಗುವ ಹಡಗೆಲ್ಲ ಮೊದಲು ತೂಬಿನೊಳಗೆ ಬರಬೇಕು. ಹಿಂದಿನ ಬಾಗಿಲು ಮುಚ್ಚುತ್ತದೆ, ಒಳಗಿನ ನೀರು ಕಾಲುವೆಯ ಮಟ್ಟಕ್ಕೆ ಬರುತ್ತದೆ, ಮುಂದಿನ ಬಾಗಿಲು ತೆರೆಯುತ್ತದೆ. ಒಟ್ಟು ನಲವತ್ತು ನಿಮಿಷ. ಹಡಗಿಗೆ ಬೇಕಾದ ಮಾಂಸ, ಹಾಲು, ಬಣ್ಣ, ಹಗ್ಗ, ಕೈಗವಸು, ಕಾಫಿಪುಡಿ ಎಲ್ಲವೂ ಅಷ್ಟರಲ್ಲೇ ಲಾರಿಯಿಂದ ಇಳಿದು ಹಡಗು ಸೇರಬೇಕು. ತೂಬಿನವರು ಯಾರ ಮುಲಾಜಿಗೂ ಕಾಯುವವರಲ್ಲ. ಈ ನಲವತ್ತು ನಿಮಿಷದಲ್ಲಿ ಏನನ್ನೂ ಬಿಡದೆ ಮುಗಿಸುವುದರಲ್ಲಿ ಥೀಸ್ ಕಾರ್ಸ್ಟೆನ್ಸ್‌ನನ್ನು ಮೀರಿಸುವ ಚಾಲಕ ಇಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಅವನಿಗಂತೂ ಚೆನ್ನಾಗಿಯೇ ಗೊತ್ತಿತ್ತು.

ಹಿಂದಿನ ದಿನ ಕಚೇರಿಯಲ್ಲಿ ಗುಮಾಸ್ತೆ ಹಿಲ್ಕೆ ಸಾಮಾನಿನ ಪಟ್ಟಿ ಓದುತ್ತಿದ್ದವಳು ತಟ್ಟನೆ ನಿಲ್ಲಿಸಿ, "ಕೆಳಗೆ ಸಹಿ ಮಾಡಿರೋದು ಸೆಕೆಂಡ್ ಆಫೀಸರ್ ಜಿ. ಕಾರ್ಸ್ಟೆನ್ಸ್," ಎಂದಿದ್ದಳು. ಆಮೇಲೆ ದನಿ ತಗ್ಗಿಸಿ, "ನಾಳೆ ಈ ಪಾಳಿ ನಿಂದಲ್ಲ, ಥೀಸ್. ಬದಲಾಯಿಸ್ಲಾ?" ಎಂದು ಕೇಳಿದ್ದಳು. ಅವನು ಹೂಂ ಎಂದು ತಲೆಯಾಡಿಸಿದ್ದ.

ನಡೆದದ್ದು ಇಷ್ಟು. ಹೆಂಡತಿ ಟೆಲ್ಸೆ ಆಸ್ಪತ್ರೆ ಸೇರಿದಾಗ ಗೇಶೆ ಬ್ರೆಜಿಲ್ ಕಡೆ ಹೋಗುವ ಹಡಗಿನಲ್ಲಿದ್ದಳು. ಅಧಿಕಾರಿಯಾಗಿ ಅದು ಅವಳ ಮೊದಲ ಯಾನ. "ಅವಳಿಗೆ ಹೇಳಬೇಡ, ಸುಮ್ನೆ ಗಾಬರಿ ಬೀಳ್ತಾಳೆ, ಯಾನ ಮುಗಿಸ್ಕೊಂಡು ಬರ್ಲಿ," ಎಂದು ಟೆಲ್ಸೆಯೇ ಹೇಳಿದ್ದಳು. ಥೀಸ್ ಹೆಂಡತಿಯ ಮಾತು ಮೀರುವವನಲ್ಲ. ಆದರೆ ಎಂಟನೆಯ ದಿನ ಟೆಲ್ಸೆ ಮಾತು ಬದಲಾಯಿಸಿದಳು. ಕಣ್ಣು ಬಿಟ್ಟಾಗೆಲ್ಲ, "ಗೇಶೆ ಎಲ್ಲಿ?" ಎನ್ನತೊಡಗಿದಳು. ಆ ಹೊತ್ತಿಗೆ ಹಡಗು ಸಾಂಟೋಸ್ ಬಂದರಿನಲ್ಲೇ ನಿಂತಿತ್ತು. ಒಂದು ಫೋನು ಮಾಡಿದ್ದರೆ ಹುಡುಗಿ ಎರಡು ದಿನದೊಳಗೆ ಬಂದು ಅಮ್ಮನ ಕೈ ಹಿಡಿಯುತ್ತಿದ್ದಳು. ಆದರೆ ಫೋನು ಮಾಡಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳಲ್ಲ! ಆ ಒಂದು ಪ್ರಶ್ನೆಗೆ ಹೆದರಿ ಅವನು ಇವತ್ತು, ನಾಳೆ ಎಂದು ಮುಂದೆ ಹಾಕಿದ. ಹನ್ನೊಂದನೆಯ ದಿನ ಬೆಳಗಿನ ಜಾವ ಟೆಲ್ಸೆ ಹೋಗಿಬಿಟ್ಟಳು.

ಗೇಶೆ ಬಂದದ್ದು ಮಣ್ಣಿಗೆ. ಎಲ್ಲರೂ ಕಾಫಿ ಕೇಕು ಮುಗಿಸಿ ಹೋದ ಮೇಲೆ ಅಡುಗೆಮನೆಯಲ್ಲಿ ಬಟ್ಟಲು ಒರೆಸುತ್ತಾ ಒಂದೇ ಮಾತು ಕೇಳಿದಳು: "ಅಮ್ಮ ನನ್ನ ಕೇಳಿದ್ಲಾ?"

"ಇಲ್ಲ," ಎಂದಿದ್ದ ಥೀಸ್. "ಅವಳಿಗೆ ಎಚ್ಚರವೇ ಇರ್ಲಿಲ್ಲ."

ಮಗಳ ನೋವು ಕಡಿಮೆಯಾಗಲಿ ಎಂದು ಹಾಗೆ ಹೇಳಿದೆ ಎಂದು ಅವನು ಬಹಳ ದಿನ ನಂಬಿಕೊಂಡಿದ್ದ. ಅದು ಸುಳ್ಳು. ಅವನು ತನ್ನನ್ನು ಉಳಿಸಿಕೊಳ್ಳಲು ಹೇಳಿದ್ದ. ಗೇಶೆ ಬಟ್ಟಲು ಕೆಳಗಿಟ್ಟು ಮರುದಿನವೇ ಹೊರಟುಹೋದಳು. ಆಮೇಲೆ ಬಂದದ್ದು ಕ್ರಿಸ್ಮಸ್‌ಗೆ ಎರಡು ಸಾಲಿನ ಸಂದೇಶ, ಅವನ ಹುಟ್ಟುಹಬ್ಬಕ್ಕೆ ಒಂದು ಸಾಲಿನದು. ಅಮ್ಮ ಸಾಯುವಾಗ ತನ್ನನ್ನು ನೆನೆಯಲೇ ಇಲ್ಲ ಎಂದುಕೊಂಡೇ ಅವಳು ಸಮುದ್ರ ಸುತ್ತುತ್ತಿದ್ದಾಳೆ ಎನ್ನುವುದು ಥೀಸ್‌ನ ಎದೆಯೊಳಗೆ ಕೂತು ತಿನ್ನುತ್ತಿತ್ತು.

ಈಗ ತೂಬಿನ ಬಾಗಿಲು ತೆರೆಯಲು ಹನ್ನೆರಡು ನಿಮಿಷವಿತ್ತು. ಸಾಮಾನೆಲ್ಲ ಮೇಲೆ ಹೋಗಿಯಾಗಿತ್ತು.

"ಗೇಶೆ, ಒಂದು ಮಾತಿತ್ತು."

"ಸಹಿ ಎಲ್ಲಿ ಹಾಕ್ಬೇಕು?" ನಾವಿಕರ ಮುಂದೆ ಅವಳು ಯಾವುದೋ ಚಾಲಕನನ್ನು ಕೇಳುವ ಹಾಗೆಯೇ ಕೇಳಿದಳು.

"ಕೆಳಗೆ, ಎಡಗಡೆ. ಆ ಮೊಟ್ಟೆ ನೋಡು, ಅದು ನಿಮ್ಮ ಹುಡುಗರು ಎತ್ತಿಕೊಳ್ಳುವಾಗ..."

"ಅಪ್ಪ, ಮೂರು ಮೊಟ್ಟೆ."

"ಮೂರೋ ಮೂವತ್ತೋ, ನನ್ನ ಹೆಸರಿಗೆ ಯಾಕೆ ಬರಬೇಕು?"

ಹೇಳಬೇಕಾದದ್ದು ಗಂಟಲಿನಲ್ಲಿತ್ತು, ಬಾಯಿಗೆ ಬರುತ್ತಿದ್ದದ್ದೆಲ್ಲ ಮೊಟ್ಟೆ. ಗೇಶೆ ಅವನನ್ನೇ ಒಂದು ಗಳಿಗೆ ನೋಡಿದಳು. ಏನನ್ನೋ ಕಾಯುತ್ತಿದ್ದಳೋ ಏನೋ. ಆಮೇಲೆ ಸಹಿ ಹಾಕಿ ಕಾಗದ ಚಾಚಿದಳು. "ತೆಳ್ಳಗಾಗಿದ್ದೀಯ," ಎಂದಳು. "ಊಟ ಮಾಡು." ಗಂಟೆ ಹೊಡೆಯಿತು. ಅವಳು ಹಡಗಿನ ಮುಂಭಾಗದ ಹಗ್ಗ ಬಿಚ್ಚಿಸಲು ಹೋದಳು. ತಿರುಗಿ ನೋಡುವ ಪುರುಸೊತ್ತು ಆ ಕೆಲಸದಲ್ಲಿ ಇರುವುದಿಲ್ಲ.

ತೂಬಿನ ಗೋಡೆಯ ಮೇಲೆ ಹಗ್ಗ ಬಿಚ್ಚುವ ಕೆಲಸದ ಬೋಯೆ, ಥೀಸ್‌ನ ಜೊತೆ ಶಾಲೆಗೆ ಹೋದವನು, ಎಲ್ಲವನ್ನೂ ಕೇಳಿಸಿಕೊಂಡಿದ್ದ. ಹಡಗು ಕಾಲುವೆಗೆ ಇಳಿದ ಮೇಲೆ ಬಂದು ಲಾರಿಯ ಬಾಗಿಲಿಗೆ ಒರಗಿದ.

"ಎರಡು ವರ್ಷದ ಮೇಲೆ ಮಗಳು ಸಿಕ್ಕಿದ್ರೆ ಮೊಟ್ಟೆಗೆ ಜಗಳ ಆಡ್ತೀಯಲ್ಲೋ ಮಾರಾಯ! ನಿನ್ನಂಥ ಕತ್ತೇನ ನಾನು ನೋಡಿಲ್ಲ."

"ಬಾಯಿ ಮುಚ್ಚು."

"ನಾನು ಮುಚ್ತೀನಿ. ನಿಂದು ತೆರೆಯೋದು ಯಾವಾಗ?" ಬೋಯೆ ಕಾಲುವೆಯ ಕಡೆ ಗದ್ದ ಎತ್ತಿ ತೋರಿಸಿದ. "ಆ ಹಡಗು ಎಲ್ಲಿಗೂ ಓಡಿಹೋಗಿಲ್ಲ ಕಣೋ. ಆ ತುದೀಲಿ ಹೋಲ್ಟೆನಾವ್ ತೂಬಿಗೆ ಬರೋದು ಸಂಜೆ ಐದಕ್ಕೆ. ನಿನ್ನ ಲಾರಿಗೆ ಎರಡು ಗಂಟೆ ದಾರಿ. ದೇವರು ಇನ್ನೇನು ಮಾಡ್ಬೇಕು ನಿಂಗೆ?"

ಥೀಸ್ ಲಾರಿ ಹತ್ತಿ ಹೊರಟ. ಇನ್ನೆರಡು ಹಡಗಿಗೆ ಸಾಮಾನು ಕೊಟ್ಟ. ಮಧ್ಯಾಹ್ನ ಬ್ರೆಡ್ಡು ಮೀನು ತಿಂದ, ರುಚಿ ತಿಳಿಯಲಿಲ್ಲ. ಎರಡೂವರೆಗೆ ಉಗ್ರಾಣಕ್ಕೆ ಹೋಗಿ ಮೂವತ್ತು ಮೊಟ್ಟೆಯ ಒಂದು ತಟ್ಟೆಯನ್ನು ತನ್ನ ಲೆಕ್ಕಕ್ಕೇ ಬರೆಸಿಕೊಂಡು, ಪಕ್ಕದ ಸೀಟಿನಲ್ಲಿಟ್ಟು, ಅದಕ್ಕೂ ಬೆಲ್ಟು ಹಾಕಿದ. ಸುಮ್ಮನೆ ಮಗಳನ್ನು ನೋಡಬೇಕು ಎಂದರೆ ತೂಬಿನ ಕಾವಲಿನವರು ಒಳಗೆ ಬಿಡುತ್ತಿರಲಿಲ್ಲ. ಮೊಟ್ಟೆ ಎಂದರೆ ಬಿಡುತ್ತಾರೆ.

ಹಡಗು ಐದೂ ಹತ್ತಕ್ಕೆ ಬಂತು. ಬಿಸಿಲು ಇನ್ನೂ ಜೋರಾಗಿತ್ತು. ಥೀಸ್ ತೂಬಿನ ಗೋಡೆಯ ಮೇಲೆ ಹಡಗಿನ ಮುಂಭಾಗಕ್ಕೆ ಸರಿಯಾಗಿ ತಟ್ಟೆ ಹಿಡಿದು ನಿಂತಿದ್ದ. ಬೆಳಿಗ್ಗೆ ಆಲೂಗಡ್ಡೆ ಎತ್ತಿಕೊಂಡಿದ್ದ ನಾವಿಕರಲ್ಲೊಬ್ಬ, ಎಫ್ರೇನ್ ಎಂಬ ಫಿಲಿಪೀನ್ಸಿನವನು, ಹಗ್ಗ ಬಿಗಿದು ಬಂದು ತಟ್ಟೆ ಇಸಿದುಕೊಂಡ.

"ಮೂರಕ್ಕೆ ಮೂವತ್ತು ಕೊಡ್ತೀರಲ್ಲ ಯಜಮಾನ್ರೇ! ನಾಳೆಯಿಂದ ದಿನಾ ಮೂರು ಒಡೀತೀವಿ."

"ನಿಮ್ಮ ಆಫೀಸರ್ ಎಲ್ಲಿ?"

"ಮೇಡಂ ಮಲಗಿದಾರೆ. ಆರು ಗಂಟೆಗೆ ಅವರ ಪಾಳಿ. ರಾತ್ರಿ ಎಲ್ಬೇಲಿ ಮಂಜು, ಕಣ್ಣು ಮುಚ್ಚಿಲ್ಲ ಪಾಪ. ಎಬ್ಬಿಸ್ಲಾ?"

"ಬೇಡ, ಬೇಡ," ಎಂದುಬಿಟ್ಟ ಥೀಸ್. "ಮಲಗ್ಲಿ. ಸುಮ್ನೆ ಗಾಬರಿ ಬೀಳ್ತಾಳೆ."

ಎಫ್ರೇನ್ ತಟ್ಟೆ ಹೊತ್ತು ಅಡುಗೆಮನೆಯ ಕಡೆ ಹೋದ. ಥೀಸ್ ಅಲ್ಲೇ ನಿಂತ. ಇಷ್ಟು ದೂರ ಬಂದು ಮಗಳನ್ನು ಮಲಗಲು ಬಿಟ್ಟ ಒಳ್ಳೆಯ ಅಪ್ಪ ತಾನು ಎಂಬ ಸಮಾಧಾನ ಒಂದು ನಿಮಿಷ ಇತ್ತು. ಹತ್ತು ನಿಮಿಷ ಇತ್ತೆಂದರೂ ತಪ್ಪಲ್ಲ. ಆಮೇಲೆ ತಾನು ಈಗ ಆಡಿದ್ದು ಯಾರ ಮಾತು ಎಂಬುದು ಅವನಿಗೆ ಹೊಳೆಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಟೆಲ್ಸೆ ಆಡಿದ್ದ ಮಾತು. ಆ ಮಾತಿನ ಹಿಂದೆ ಅವನು ಹನ್ನೊಂದು ದಿನ ಅಡಗಿ ಕೂತಿದ್ದ, ಈಗ ಮತ್ತೆ ಅಲ್ಲೇ ಹೋಗಿ ಕೂತಿದ್ದ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಏಯ್!" ಎಂದು ಅವನು ಕೂಗಿದ. "ಏಯ್, ಇಲ್ಲಿ ಬಾರಯ್ಯಾ! ಎಬ್ಬಿಸು ಅವಳನ್ನ. ಅಪ್ಪ ಬಂದಿದಾನೆ ಅಂತ ಹೇಳು. ಓಡು!"

ಆದರೆ ಹೊತ್ತು ಕಳೆದಿತ್ತು. ಹೋಲ್ಟೆನಾವ್‌ನಲ್ಲಿ ನೀರಿನ ಏರುಪೇರು ಕಡಿಮೆ, ಬಾಗಿಲು ಬೇಗ ತೆರೆಯುತ್ತದೆ. ಗಂಟೆ ಹೊಡೆದು, ಗೋಡೆಯ ಮೇಲಿನವರು ಹಗ್ಗ ಬಿಚ್ಚಿ ನೀರಿಗೆ ಬಿಟ್ಟ ಹೊತ್ತಿಗೆ ಗೇಶೆ ಹಿಂಭಾಗದ ಬಾಗಿಲಿನಿಂದ ಹೊರಬಂದಳು. ಕಾಲಲ್ಲಿ ಬರೀ ಸಾಕ್ಸು, ಕೂದಲು ಬಿಚ್ಚಿಹೋಗಿತ್ತು. ಹಡಗಿನ ಬದಿಯ ಓಣಿಯಲ್ಲಿ ಮುಂಭಾಗದವರೆಗೂ ಓಡಿ ಬಂದಳು.

"ಏನಾಯ್ತಪ್ಪ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ. ನಾನು ನಿಂಗೆ ಸುಳ್ಳು ಹೇಳಿದ್ದೆ."

ಹಡಗು ಚಲಿಸತೊಡಗಿತು. ನಡೆಯುವ ಮನುಷ್ಯನಷ್ಟೇ ವೇಗ. ಥೀಸ್ ಗೋಡೆಯ ಮೇಲೆ ಅದರ ಜೊತೆಗೇ ನಡೆದ. ಮಧ್ಯೆ ಎರಡು ಮೊಳ ನೀರು.

"ಯಾವ ಸುಳ್ಳು?"

"ಅಮ್ಮ ನಿನ್ನ ಕೇಳಿದ್ಲು. ಎಂಟನೇ ದಿನದಿಂದ. ಮೂರು ದಿನ, ಎಚ್ಚರ ಆದಾಗೆಲ್ಲ ಕೇಳಿದ್ಲು. ನಾನೇ ನಿಂಗೆ ಫೋನ್ ಮಾಡ್ಲಿಲ್ಲ. ಹೆದರಿಕೆ ಆಯ್ತು, ಮಾಡ್ಲಿಲ್ಲ."

ಹಗ್ಗ ಎಳೆದುಕೊಳ್ಳುತ್ತಿದ್ದ ಇನ್ನೊಬ್ಬ ನಾವಿಕ ತಲೆ ತಗ್ಗಿಸಿ ತನ್ನ ಕೆಲಸ ನೋಡಿಕೊಂಡ. ಅವನಿಗೆ ಭಾಷೆ ಪೂರ್ತಿ ತಿಳಿಯದಿದ್ದರೂ ದನಿ ತಿಳಿದಿತ್ತು. ಗೇಶೆ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಬೈಯುತ್ತಾಳೆ ಎಂದುಕೊಂಡ ಥೀಸ್. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅವಳು ಕೇಳ್ದಾಗ ನೀನೇನಂದೆ?"

ಇದನ್ನು ಮಾತ್ರ ಅವನು ಕನ್ನಡಿಗೂ ಹೇಳಿರಲಿಲ್ಲ.

"ದಾರೀಲಿದ್ದಾಳೆ ಅಂದೆ. ವಿಮಾನ ಹತ್ತಿದ್ದಾಳೆ, ನಾಳೆ ಬರ್ತಾಳೆ ಅಂದೆ. ಮೂರು ದಿನಾನೂ ಅದನ್ನೇ ಅಂದೆ."

"ನಂಬಿದ್ಲಾ?"

"ನಂಬಿದ್ಲು. ಗೇಶೆ ಹಾಸಿಗೆಗೆ ಒಗೆದ ಹೊದಿಕೆ ಹಾಕು, ಕಿಟಕಿ ತೆಗೆದಿಡು ಅಂದ್ಲು."

"ಹಾಕಿದ್ಯಾ?"

"ಹಾಕ್ದೆ," ಎಂದ ಥೀಸ್. "ಮನೆಗೆ ಹೋಗಿ ಹಾಕಿ ಬಂದೆ. ಹಾಕಿದ್ದೀನಿ ಅಂತ ಅವಳಿಗೆ ಹೇಳ್ದೆ. ಅದಕ್ಕೆ ಖುಷಿಪಟ್ಲು."

ಅಷ್ಟರಲ್ಲಿ ಗೋಡೆ ಮುಗಿಯಿತು. ಮುಂದೆ ಒಂದು ಕಬ್ಬಿಣದ ಸರಪಳಿ, ಅದರಾಚೆ ಕೀಲ್ ಕೊಲ್ಲಿಯ ನೀರು. ಥೀಸ್ ಸರಪಳಿ ಹಿಡಿದು ನಿಂತ. ಹಡಗು ನಿಲ್ಲಲಿಲ್ಲ. ಅವನ ಮುಖದಿಂದ ಕಣ್ಣು ತೆಗೆಯದೆ, ಹಡಗು ಮುಂದೆ ಸಾಗಿದಷ್ಟೂ ಗೇಶೆ ಹಿಂದಕ್ಕೆ ನಡೆಯತೊಡಗಿದಳು. ಓಣಿಯುದ್ದಕ್ಕೂ, ಕಟಕಟೆಯ ಮೇಲೆ ಕೈ ಜಾರಿಸುತ್ತಾ, ಸಾಕ್ಸಿನ ಕಾಲಲ್ಲಿ, ಅವನ ಎದುರಿಗೇ ಉಳಿಯುವಷ್ಟು ವೇಗದಲ್ಲಿ. ಹಾಗೆ ಅವಳು ಹಡಗಿನ ಹಿಂತುದಿಯವರೆಗೂ ನಡೆದಳು. ಅಲ್ಲಿಂದಾಚೆ ನಡೆಯಲು ಜಾಗವಿರಲಿಲ್ಲ.