ಒರೆಸಿಟ್ಟ ತಟ್ಟೆ

ಅಂಗಳಕ್ಕೆ ನೀರು ಹಾಕಿ, ಸಾರಿಸಿ, ರಂಗೋಲಿಯ ಎರಡನೆಯ ಎಳೆ ಎಳೆಯುತ್ತಿದ್ದೆ. ಗೇಟಿನ ಹತ್ತಿರ ಸ್ಕೂಟರ್ ನಿಂತಿತು. ಇಳಿದವಳು ಭಾವನಾ. ಮೈಸೂರಿನಿಂದ ಬಂದು ನಮ್ಮೂರಿನ ಆಲೆಮನೆಯ ಹೊಗೆಯ ಬಗ್ಗೆ ಸಂಶೋಧನೆ ಮಾಡುವ ಹುಡುಗಿ. ಯಾವಾಗಲೂ ಹತ್ತು ಗಂಟೆಗೆ ಬರುವವಳು ಅಂದು ಆರೂವರೆಗೇ ಬಂದಿದ್ದಳು.

"ಅಕ್ಕ, ರಂಗೋಲಿ ಮುಗಿಸಿ. ಆಮೇಲೆ ಒಂದು ಮಾತು ಕೇಳ್ಬೇಕು."

"ಈಗ್ಲೇ ಕೇಳಿ ಮೇಡಂ. ಕೈಗೆ ತಾನೇ ಕೆಲ್ಸ, ಕಿವಿ ಖಾಲಿ ಅದೆ."

ಅವಳು ಕಾಂಪೌಂಡ್ ಗೋಡೆಯ ಕಡೆ ನೋಡಿದಳು. ಅಲ್ಲಿ ಅವಳ ಕಡೆಯವರು ನಿಲ್ಲಿಸಿದ್ದ ಕಬ್ಬಿಣದ ಸ್ಟ್ಯಾಂಡ್ ಇತ್ತು. ಅದರ ಮೇಲೆ ಅಗಲವಾದ ಬಿಳಿ ತಟ್ಟೆ, ಹಕ್ಕಿ ಕೂರದಂತೆ ತಂತಿಯ ಬಲೆ.

"ನಿಮ್ಮ ಮನೆ ತಟ್ಟೆ ಯಾಕಕ್ಕ ಇಷ್ಟು ಬೆಳ್ಳಗಿದೆ?"

ಹೊಗಳಿದಳು ಅಂದುಕೊಂಡೆ. "ದಿನಾ ಒರೆಸ್ತೀನಲ್ಲ ಮೇಡಂ. ರಂಗೋಲಿ ಆದ ಮೇಲೆ ಮೊದಲ್ನೇ ಕೆಲ್ಸ ಅದೇಯ" ಎಂದೆ.

ಅವಳು ಹೆಲ್ಮೆಟ್ ಅನ್ನು ಜಗಲಿಯ ಮೇಲಿಟ್ಟು ಅದರ ಪಕ್ಕದಲ್ಲೇ ಕುಳಿತುಬಿಟ್ಟಳು.

ನಮ್ಮ ಊರು ಭೇರ್ಯದ ಕಡೆಯದು. ಸುತ್ತ ಕಬ್ಬು. ನಮ್ಮ ಮನೆಯಿಂದ ಕೂಗಳತೆಯಲ್ಲಿ ಕೆಂಪಯ್ಯನವರ ಆಲೆಮನೆ. ಅವರು ನಮ್ಮ ಮಾವನವರ ತಮ್ಮ, ನನಗೆ ಚಿಕ್ಕಮಾವ. ಅವರ ಬೆಲ್ಲಕ್ಕೆ ಹೆಸರಿದೆ. ಆದರೆ ರಸ ಹಿಂಡಿ ಉಳಿದ ಕಬ್ಬಿನ ಸಿಪ್ಪೆ ಒಂದು ಮಳೆ ಬಿದ್ದರೂ ಒದ್ದೆಯಾಗುತ್ತದೆ, ಒಲೆಯಲ್ಲಿ ಹತ್ತುವುದಿಲ್ಲ. ಆಗ ಹಳೇ ಟೈರು ಹಾಕುತ್ತಾರೆ. ಉರಿ ಏನೋ ಧಗ್ಗನೆ ಏಳುತ್ತದೆ. ಕಪ್ಪು ಹೊಗೆ ನೇರ ನಮ್ಮ ಅಂಗಳಕ್ಕೆ ಇಳಿಯುತ್ತದೆ.

ನನ್ನ ಮಗಳು ಚಿನ್ನುವಿಗೆ ಎಂಟು ವರ್ಷ. ಎರಡು ವರ್ಷದಿಂದ ಆಲೆಮನೆಯ ಒಲೆ ಹತ್ತಿತು ಅಂದರೆ ಇವಳ ಎದೆಯಲ್ಲಿ ಸೀಟಿ ಶುರು. ಕೆ.ಆರ್. ನಗರದ ಡಾಕ್ಟರು ಬಾಯಿಗೆ ಹಿಡಿಯುವ ಪಂಪು ಕೊಟ್ಟಿದ್ದಾರೆ, ಹೊಗೆಯ ಹತ್ತಿರ ಬಿಡಬೇಡಿ ಅಂದಿದ್ದಾರೆ. ಸಂಜೆ ಬೆಲ್ಲ ಇಳಿಸುವ ಹೊತ್ತಿಗೆ ಊರಿನ ಮಕ್ಕಳೆಲ್ಲ ಆಲೆಮನೆಗೆ ಓಡುತ್ತಾರೆ. ಚಿಕ್ಕಮಾವ ಬಾಳೆಎಲೆಯ ಚೂರಿಗೆ ಬಿಸಿಬೆಲ್ಲ ಹಾಕಿ ಕೊಡುತ್ತಾರೆ. ಚಿನ್ನುವಿನ ಪಾಲನ್ನು ಮರೆಯದೆ ತಾವೇ ತಂದು ಗೇಟಿನ ಹತ್ತಿರ ನಿಂತು ಕರೆಯುತ್ತಾರೆ. ಅಷ್ಟರಲ್ಲಿ ಅದು ಆರಿ ಗಟ್ಟಿಯಾಗಿರುತ್ತದೆ. ನಾನೂ ಹೋಗಲಾ ಎಂದು ಅವಳು ಒಮ್ಮೆಯೂ ಕೇಳಿದ್ದಿಲ್ಲ. ಕೇಳಿದರೆ ಅಮ್ಮ ಬೇಡ ಅನ್ನಬೇಕಾಗುತ್ತದೆ ಎಂದು ಆ ವಯಸ್ಸಿಗೇ ಅವಳಿಗೆ ಗೊತ್ತು.

ಭಾವನಾ ನಿಧಾನವಾಗಿ ಹೇಳಿದಳು. "ಅಕ್ಕ, ಆ ತಟ್ಟೆ ಇಟ್ಟಿರೋದೇ ಕೊಳಕಾಗಲಿ ಅಂತ. ಹದಿನೈದು ದಿನಕ್ಕೆ ಎಷ್ಟು ಮಸಿ ಬಿತ್ತು ಅಂತ ತೂಗ್ತೀವಿ. ಆಮೇಲೆ ಆಲೆಮನೇಲಿ ಸರ್ಕಾರದ ಖರ್ಚಲ್ಲೇ ಹೊಗೆ ಕಡಿಮೆ ಬರೋ ಹೊಸ ಒಲೆ ಕಟ್ಟಿ, ಮತ್ತೆ ಹದಿನೈದು ದಿನ ತೂಗ್ತೀವಿ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ಒಲೆ ಕೆಲಸ ಮಾಡ್ತೋ ಇಲ್ವೋ ಗೊತ್ತಾಗೋದು. ದೂರದ ಸ್ಕೂಲಿನ ಮೇಲಿಟ್ಟ ತಟ್ಟೆ ಬೂದಿ ಬಣ್ಣಕ್ಕೆ ತಿರುಗಿದೆ. ಹತ್ತಿರದಲ್ಲಿರೋ ನಿಮ್ಮದು ಹಾಲಿನ ಹಾಗಿದೆ. ಈ ಊರಿನ ಲೆಕ್ಕ ನಂಬಕ್ಕಾಗಲ್ಲ, ಒಲೆ ಬೇರೆ ಊರಿಗೆ ಕೊಡೋಣ ಅಂತಿದಾರೆ ನಮ್ಮ ಸರ್."

ಚಿನ್ನುವಿಗಾಗಿ ಬರಬೇಕಿದ್ದ ಒಲೆಯನ್ನು ನಾನೇ ಒರೆಸಿ ಕಳಿಸುತ್ತಿದ್ದೆ.

"ಮುಟ್ಬೇಡಿ ಅಂತ ಯಾರೂ ಹೇಳ್ಲಿಲ್ವಲ್ಲ ಮೇಡಂ."

"ಸ್ಟ್ಯಾಂಡ್ ಹಾಕಿದವರು ಮಹೇಂದ್ರಣ್ಣಂಗೆ ಹೇಳಿದ್ರಂತೆ."

ಹಲ್ಲುಜ್ಜುತ್ತ ನಿಂತಿದ್ದ ನನ್ನ ಗಂಡ ತಲೆ ಕೆರೆದುಕೊಂಡರು. "ಅವ್ರ ಸಾಮಾನು, ಉಷಾರು ಅಂದಿದ್ನಲ್ಲ" ಎಂದರು.

ಉಷಾರು ಅಂದರೆ ಹೆಂಗಸರು ಏನು ಮಾಡುತ್ತಾರೆ? ಒರೆಸುತ್ತಾರೆ. ಮೊದಲ ದಿನ ನನ್ನ ಅತ್ತೆ ಸುನಂದಮ್ಮನವರೇ ಹೇಳಿದ್ದರು. "ಬಂದೋರ ಸಾಮಾನು ಮಸಿ ಹಿಡ್ಕೊಂಡು ಕೂತಿದ್ರೆ ಮನೆ ಹೆಂಗುಸ್ನ ಆಡ್ಕೋತಾರೆ ಕಣವ್ವ, ಒಂದ್ ಕೈ ಆಡ್ಸು." ಬಲೆಯ ಕೆಳಗೆ ಕೈ ತೂರಿಸಿ, ಒದ್ದೆ ಬಟ್ಟೆಯಲ್ಲಿ ದಿನವೂ ಒರೆಸಿದೆ. ಶುಕ್ರವಾರ ಒಂದು ಬೊಟ್ಟು ಕುಂಕುಮವನ್ನೂ ಇಟ್ಟಿದ್ದೆ.

ಭಾವನಾ ನಮ್ಮನ್ನು ಬೈಯಲಿಲ್ಲ. "ಅಂಗಳ ನೋಡ್ಕೊಳ್ಳೋರು ಯಾರು ಅಂತ ಕೇಳಿ ಅವರಿಗೇ ಹೇಳ್ಬೇಕಿತ್ತು. ಅದು ನಮ್ಮ ತಪ್ಪು" ಎಂದಳು. "ಮತ್ತೆ ಹದಿನೈದು ದಿನ ತಟ್ಟೆ ಇಡಕ್ಕೆ ಸರ್ ಒಪ್ಪಿದಾರೆ. ಆದ್ರೆ ಆಲೆಮನೆ ಯಜಮಾನ್ರು ಒಪ್ಬೇಕು."

ಕಷ್ಟ ಇದ್ದದ್ದೇ ಅಲ್ಲಿ. ತಟ್ಟೆ ಬೆಳ್ಳಗಿದೆ ಎಂಬ ಸುದ್ದಿ ಚಿಕ್ಕಮಾವನ ಕಿವಿಗೆ ಆಗಲೇ ಬಿದ್ದಿತ್ತು. ಡೈರಿಯ ಹತ್ತಿರ ನಾಲ್ಕು ಜನರ ಮುಂದೆ ಹೇಳಿಕೊಂಡಿದ್ದರು. ಈಗ ನಾನು ಹೋಗಿ ಒರೆಸಿದ್ದು ನಾನು ಅನ್ನಬೇಕು. ಸ್ಟೌವಿನ ಮೇಲಿದ್ದ ಹಾಲನ್ನು ಇಳಿಸಿ, ಸೆರಗು ಸಿಕ್ಕಿಸಿಕೊಂಡು ಭಾವನಾಳ ಜೊತೆ ಹೊರಟೆ. ಕರೆಯದಿದ್ದರೂ ಅತ್ತೆ ಹಿಂದೆಯೇ ಬಂದರು.

ಚಿಕ್ಕಮಾವ ಕೊಪ್ಪರಿಗೆ ತೊಳೆಸುತ್ತಿದ್ದರು. ಹಿಂದೆ ಟೈರುಗಳ ಗುಡ್ಡೆ.

"ಬನ್ನಿ ಮೇಡಮ್ಮಾರೆ. ನಮ್ ಹೊಗೇಲಿ ಏನೂ ಇಲ್ಲ ಅಂತ ನಿಮ್ ತಟ್ಟೆನೇ ಹೇಳ್ತಂತೆ. ಅದ್ನೇ ಒಂದ್ ಕಾಗ್ದದಲ್ಲಿ ಬರ್ಕೊಟ್ಬುಡಿ, ಕಟ್ಟು ಹಾಕ್ಸಿ ತೂಗಾಕ್ತೀನಿ."

"ಚಿಕ್ಕಮಾವ, ಅದ್ನ ದಿನಾ ಒರೆಸಿದ್ದು ನಾನು" ಎಂದೆ.

ಅವರ ಮುಖದ ನಗು ಅಲ್ಲೇ ನಿಂತಿತು. "ಅಂದ್ರೆ?"

"ಮಸಿ ಬೀಳ್ತಿತ್ತು. ನಾನು ಒರೆಸ್ತಿದ್ದೆ. ತಪ್ಪಾಯ್ತು. ಇನ್ನು ಹದಿನೈದು ದಿನ ತಟ್ಟೆ ಇಡಕ್ಕೆ ನೀವು ಒಪ್ಬೇಕು."

"ಓಗ್ಲಿ ಬುಡು ಅತ್ಲಾಗೆ. ಮಸಿ ಕಂಡ್ರೆ ನಾಳೀಕೆ ಬೀಗ ತಕ್ಕಂಡು ಬತ್ತಾರೆ. ಸರ್ಕಾರ ಪುಗಸಟ್ಟೆ ಒಲೆ ಕೊಡ್ತದೆ ಅಂದಾಗ್ಲೇ ಅಂದ್ಕಂಡೆ, ಇದ್ರಲ್ಲೇನೋ ಅದೆ ಅಂತವ. ಆರು ಜನ ಆಳು ಅವ್ರೆ ಇಲ್ಲಿ. ಅವ್ರ ಮನೆ ಒಲೆ ನೀನು ಹತ್ತುಸ್ತೀಯೇನವ್ವ?"

ಅವರ ಮಾತು ಸುಳ್ಳಲ್ಲ. ಭಾವನಾ ಚೀಲದಿಂದ ಒಂದು ಹಾಳೆ ತೆಗೆದಳು.

"ಯಜಮಾನ್ರೇ, ನಾವು ದಂಡ ಹಾಕೋರಲ್ಲ, ಕಲಿಯಕ್ಕೆ ಬಂದೋರು. ನಿಮ್ಮ ಹೆಸರಾಗಲಿ ಆಲೆಮನೆ ಹೆಸರಾಗಲಿ ಎಲ್ಲೂ ಬರೆಯಲ್ಲ ಅಂತ ಈ ಹಾಳೆಲಿದೆ. ಕನ್ನಡದಲ್ಲೇ ಇದೆ. ಬೇಡ ಅನ್ಸಿದ ದಿನ ಬೇಡ ಅನ್ಬಹುದು. ಮತ್ತೆ, ಪುಗಸಟ್ಟೆ ಅಂದ್ರಲ್ಲ, ಇದು ಪುಗಸಟ್ಟೆ ಅಲ್ಲ. ನೀವು ಬೆಂಕಿಪೊಟ್ಟಣ ಕೊಂಡರೂ ಅದರಲ್ಲಿ ತೆರಿಗೆ ಇದೆ. ಆ ದುಡ್ಡಲ್ಲೇ ಈ ಸಂಶೋಧನೆ ನಡೀತಿರೋದು."

"ಅಂಗಾದ್ರೆ ನನ್ ದುಡ್ನಲ್ಲೇ ನನ್ ತಪ್ ಕಂಡುಹಿಡಿಯಾಕ್ ಬಂದಿದ್ದೀರಿ."

"ನಿಮ್ಮ ದುಡ್ಡಲ್ಲಿ ನಿಮ್ಮ ಒಲೆ ಸರಿ ಮಾಡಕ್ಕೆ ಬಂದಿದ್ದೀವಿ. ಹೊಸದರಲ್ಲಿ ಬೆಂಕಿ ಕೆಳಗೆ ಜಾಲರಿ ಇರುತ್ತೆ, ಗಾಳಿ ಕೆಳಗಿಂದ ಬರುತ್ತೆ. ಹೊರಗೆ ಹೋಗೋ ಬಿಸಿಗಾಳಿಲೇ ಸಿಪ್ಪೆ ಒಣಗುತ್ತೆ. ಒಣಗಿದ ಸಿಪ್ಪೆ ಸಾಕಾದ್ರೆ ಟೈರು ಯಾಕೆ ಬೇಕು?"

"ಸಾಕಾಗದಿದ್ರೆ?"

"ಸಾಕಾಗಲಿಲ್ಲ ಅಂತಲೇ ಬರೀತೀವಿ. ಅದನ್ನ ತಿಳ್ಕೊಳ್ಳಕ್ಕೇ ಸಂಶೋಧನೆ."

ಚಿಕ್ಕಮಾವ ಅವಳನ್ನು ಒಂದು ಗಳಿಗೆ ನೋಡಿದರು. ಆಗುವುದಿಲ್ಲ ಎಂದೂ ಬರೆಯುತ್ತೇವೆ ಎನ್ನುವವರನ್ನು ಅವರು ಮೊದಲ ಸಲ ನೋಡುತ್ತಿದ್ದರೋ ಏನೋ. ಅಷ್ಟರಲ್ಲಿ ನನ್ನ ಹಿಂದೆ ನಿಂತಿದ್ದ ಅತ್ತೆ ಮುಂದೆ ಬಂದರು.

"ಒರ್ಸು ಅಂತ ಹೇಳ್ಕೊಟ್ಟೋಳು ನಾನು ಕಣಪ್ಪ ಕೆಂಪಯ್ಯ. ಬಯ್ಯದಾದ್ರೆ ನನ್ ಬಯ್ಯಿ. ತಟ್ಟೆ ಒಂದು ಇಡುಸ್ಬುಡು."

ಅತ್ತಿಗೆಯ ಮಾತನ್ನು ಅವರು ಎಂದೂ ತೆಗೆದುಹಾಕಿದವರಲ್ಲ. "ಹದಿನೈದು ದಿನ. ಅದ್ರ ಮ್ಯಾಕೆ ಒಂದ್ ದಿನ ಇಲ್ಲ" ಎಂದು ಹಾಳೆಯನ್ನು ಪೂರ್ತಿ ಓದಿ ರುಜು ಹಾಕಿದರು.

ಆ ಹದಿನೈದು ದಿನ ನನ್ನ ಕೈಗಳನ್ನು ಹಿಡಿದಿಟ್ಟುಕೊಳ್ಳುವುದೇ ಒಂದು ಕೆಲಸವಾಯಿತು. ರಂಗೋಲಿ ಮುಗಿಸಿದ ಕೂಡಲೇ ಕಾಲು ಗೋಡೆಯ ಕಡೆ ತಾನಾಗಿ ಹೋಗುತ್ತಿತ್ತು. ಪಕ್ಕದ ಮನೆಯ ರಾಮಮ್ಮ ಕೆಣಕದೆ ಬಿಡುತ್ತಾಳೆಯೇ. "ಏನೇ ಸುಧಾ, ಒಂದ್ ತಟ್ಟೆ ಒರ್ಸಕ್ಕೂ ಸೋಮಾರಿತನ್ವಾ?" ಅತ್ತೆ ಕೊನೆಗೆ ಆ ಬಟ್ಟೆಯನ್ನೇ ತೆಗೆದು ಅಟ್ಟದ ಮೇಲೆ ಎಸೆದರು. ಚಿನ್ನು ಮಾತ್ರ ದಿನವೂ ಸ್ಟೂಲು ಹಾಕಿಕೊಂಡು, ಕೈ ಹಿಂದೆ ಕಟ್ಟಿ, ಇಣುಕಿ ನೋಡಿ ವರದಿ ಒಪ್ಪಿಸುತ್ತಿದ್ದಳು.

"ಅಮ್ಮ, ಇವತ್ತು ಬೂದಗುಂಬಳದ ಬಣ್ಣ."

ಇನ್ನೊಂದು ವಾರಕ್ಕೆ, "ಅಮ್ಮ, ಇವತ್ತು ಎಮ್ಮೆ ಬಣ್ಣ."

ಹದಿನೈದನೆಯ ದಿನ ಚಿಕ್ಕಮಾವನೂ ಬಂದರು. ಭಾವನಾ ಬಲೆ ತೆಗೆದಳು. ತಟ್ಟೆಯ ಬಿಳುಪು ಎಲ್ಲೂ ಕಾಣಲಿಲ್ಲ.

"ಇದೆಲ್ಲಾ ನಂದೇನಾ?" ಎಂದರು ಚಿಕ್ಕಮಾವ.

"ಎಲ್ಲಾ ನಿಮ್ಮದೇ ಅನ್ನಕ್ಕಾಗಲ್ಲ. ರಸ್ತೆ ಧೂಳಿದೆ, ಮನೆಗಳ ನೀರೊಲೆ ಹೊಗೆ ಇದೆ. ಟೈರಿಂದು ಎಷ್ಟು ಅಂತ ಲ್ಯಾಬಲ್ಲಿ ನೋಡಿ ಹೇಳ್ತೀನಿ. ಈಗಲೇ ಏನೂ ಹೇಳಲ್ಲ."

ಅತ್ತೆಗೆ ಲ್ಯಾಬಿನವರೆಗೆ ಕಾಯುವಷ್ಟು ತಾಳ್ಮೆ ಇರಲಿಲ್ಲ. "ತಟ್ಟೆನೇನೋ ಸುಧಾ ಒರ್ಸುದ್ಲು ಕಣಪ್ಪ ಕೆಂಪಯ್ಯ. ಮಗೀನ್ ಎದೆ ಒಳೀಕೆ ಕೈ ಹಾಕಿ ಒರ್ಸಾಕೆ ಆದದಾ?"

ಚಿಕ್ಕಮಾವ ಸ್ಟೂಲಿನ ಮೇಲೆ ನಿಂತಿದ್ದ ಚಿನ್ನುವಿನ ತಲೆ ಸವರಲು ಕೈ ಎತ್ತಿದರು. ಆ ಕೈಗೂ ಆಲೆಮನೆಯ ಮಸಿ ಮೆತ್ತಿತ್ತು. ಪಂಚೆಗೆ ಒರೆಸಿಕೊಂಡು, ತಲೆ ಮುಟ್ಟದೆಯೇ ಗೇಟು ದಾಟಿ ಹೋದರು.

ಲ್ಯಾಬಿನ ಉತ್ತರ ಬಂತು. ಮುಕ್ಕಾಲು ಪಾಲಿಗಿಂತ ಹೆಚ್ಚು ಮಸಿ ಟೈರಿನದೇ. ಭಾವನಾ ಅದನ್ನು ಕನ್ನಡದಲ್ಲಿ ಬರೆದು ತಂದು ಆಲೆಮನೆಯ ಆಳುಗಳ ಮುಂದೆಯೂ ಓದಿದಳು. ಆಳುಗಳಲ್ಲಿ ಒಬ್ಬ, ದಿನವಿಡೀ ಒಲೆಯ ಬಾಯಿಯಲ್ಲಿ ಕೂರುವ ನಿಂಗಯ್ಯ, "ಅಂಗಾದ್ರೆ ಮೊದ್ಲು ಒಳೀಕೆ ಹೋಗದು ನನ್ ಮೂಗ್ಗೆ" ಎಂದ. ಮಾರನೆಯ ವಾರ ಚಿಕ್ಕಮಾವನೇ ಮುಂದೆ ನಿಂತು ಹಳೇ ಒಲೆ ಕೀಳಿಸಿ ಹೊಸದು ಕಟ್ಟಿಸಲು ಶುರು ಮಾಡಿದರು.

ಹೊಸ ಒಲೆ ಮೊದಲ ಮೂರು ದಿನ ಎಲ್ಲರನ್ನೂ ಅಳಿಸಿತು. ಪಾಕ ಹದಕ್ಕೆ ಬರಲಿಲ್ಲ. ಚಿಕ್ಕಮಾವ ಒಮ್ಮೆ ಟೈರಿನ ಗುಡ್ಡೆಯ ಕಡೆ ತಿರುಗಿಯೂ ನೋಡಿದರಂತೆ. ನಿಂಗಯ್ಯ ಜಾಲರಿಯ ಸಂದು ಕಿರಿದಾಯಿತು ಎಂದು ತೋರಿಸಿದ. ಭಾವನಾ ಅದನ್ನು ಬರೆದುಕೊಂಡು ಹೋಗಿ ಅಗಲ ಮಾಡಿಸಿ ತಂದಳು. ನಾಲ್ಕನೆಯ ದಿನ ಬರೀ ಸಿಪ್ಪೆಯ ಉರಿಯಲ್ಲಿ ಬೆಲ್ಲ ಇಳಿಯಿತು. ಮತ್ತೆ ಹದಿನೈದು ದಿನ ತಟ್ಟೆ ಇಟ್ಟೆವು. ಕೊನೆಯ ದಿನವೂ ಚಿನ್ನುವಿನ ವರದಿ ಬೂದಗುಂಬಳದ ಬಣ್ಣ ದಾಟಲಿಲ್ಲ. ಪೂರ್ತಿ ಬಿಳಿ ಅಲ್ಲ. ಭಾವನಾ ಹಾಗೆಯೇ ಬರೆದುಕೊಂಡಳು. ಮಗಳ ಎದೆಯ ಸೀಟಿ ಕಡಿಮೆಯಾಗಿದೆ. ಪಂಪನ್ನು ಮಾತ್ರ ನಾವಾಗಿ ಬಿಟ್ಟಿಲ್ಲ, ಅದನ್ನು ಡಾಕ್ಟರೇ ಹೇಳಬೇಕು.

ಮಹಿಳಾ ಸಂಘದ ಅಕ್ಕಂದಿರೇ, ತಂಗಿಯರೇ, ಇದನ್ನು ಬರೆದದ್ದು ನಿಮಗಾಗಿ, ನಿಮ್ಮ ಊರಲ್ಲೂ ಓದಿ ಹೇಳಿ. ಹೊಗೆ, ನೀರು, ಮಣ್ಣು ನೋಡಲು ಯಾರಾದರೂ ಬಂದರೆ ಗುರುತಿನ ಕಾರ್ಡು ಕೇಳಿ, ಯಾತಕ್ಕೆ ಬಂದಿರಿ ಅಂತಲೂ ಕೇಳಿ. ಹಾಳೆಯನ್ನು ಓದಿ, ಓದಿಸಿಕೊಂಡು ರುಜು ಹಾಕಿ. ಏನು ಮುಟ್ಟಬಾರದು ಎಂಬುದನ್ನು ಗಂಡಸರಿಗೆ ಮಾತ್ರವಲ್ಲ, ನಮಗೂ ಹೇಳಲಿ. ಬಂದವರ ಮುಂದೆ ಮನೆ ಚೊಕ್ಕಟ ಇರಬೇಕು ನಿಜ. ಆದರೆ ಅವರು ನೋಡಲು ಬಂದ ಕೊಳೆಯನ್ನು ತೊಳೆದಿಟ್ಟರೆ ಮದ್ದು ಪಕ್ಕದ ಊರಿಗೆ ಹೋಗುತ್ತದೆ. ಉತ್ತರವನ್ನು ಕೇಳಿ ಪಡೆಯಿರಿ, ಕನ್ನಡದಲ್ಲೇ ಪಡೆಯಿರಿ. ಸಂಶೋಧನೆಗೆ ಹಾಕಿದ ದುಡ್ಡು ನಮ್ಮದು. ಟೈರು, ಪ್ಲಾಸ್ಟಿಕ್ಕು ಒಲೆಗೆ ಬೇಡ, ಆಲೆಮನೆಯದಾಗಲಿ ಬಚ್ಚಲಿನದಾಗಲಿ.

ಇಷ್ಟು ಬರೆಯುವ ಹೊತ್ತಿಗೆ ಸಂಜೆಯಾಯಿತು, ಬೇಳೆಗೆ ಇನ್ನೂ ಒಗ್ಗರಣೆ ಹಾಕಿಲ್ಲ. ಗೇಟಿನ ಹತ್ತಿರ ಚಿಕ್ಕಮಾವ ನಿಂತು ಕರೆಯುತ್ತಿದ್ದಾರೆ, ಕೈಯಲ್ಲಿ ಎಂದಿನಂತೆ ಬಾಳೆಎಲೆಯ ಚೂರು. ಚಿನ್ನು ಓಡಿಹೋದಳು. ಆದರೆ ಎಲೆಗೆ ಕೈ ಚಾಚಲಿಲ್ಲ. ಒಮ್ಮೆ ನನ್ನ ಕಡೆ ತಿರುಗಿ ನೋಡಿ, ಮತ್ತೆ ಅವರ ಮುಖ ನೋಡಿ ಕೇಳಿದಳು.

"ತಾತ, ನಾನೂ ಆಲೆಮನೆಗೆ ಬರಬೌದಾ?"