ಬೆನ್ನು ತೋರಿಸದ ಗೈಡ್

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ, ಅರ್ಧಕ್ಕೆ ಎದ್ದರೆ ಮಜಾ ಕೆಡುತ್ತದೆ.

ಬಂದರಿನ ಪಕ್ಕದ ಹಳೇ ಪೇಟೆಯನ್ನು ನಡೆಸಿಕೊಂಡೇ ತೋರಿಸುವ ಸಣ್ಣ ಕಂಪನಿಯೊಂದಿತ್ತು. ಅಲ್ಲಿ ಗೈಡ್ ಆಗಲು ಬಂದ ಹುಡುಗಿಗೆ ಅಂದು ಪರೀಕ್ಷೆ. ಹನ್ನೊಂದು ಪ್ರವಾಸಿಗರು, ಕೊನೆಯಲ್ಲಿ ಕಂಪನಿಯ ಯಜಮಾನಿ. ತನ್ನೂರೇ ಆದರೂ ಎರಡು ವಾರ ಚಪ್ಪಲಿ ಸವೆಸಿ ಗಲ್ಲಿ ಗಲ್ಲಿಯನ್ನೂ ಬಾಯಿಪಾಠ ಮಾಡಿದ್ದಳು. ಕೆಲಸ ಸಿಕ್ಕೇ ಸಿಗುತ್ತದೆ ಎಂದು ಮನೆಯಲ್ಲಿ ಡಂಗುರ ಬೇರೆ ಸಾರಿದ್ದಳು. ನೋಡಿಯೇ ಬಿಡೋಣವೆಂದು ಸೋದರಮಾವ ಟಿಕೆಟ್ ಕೊಂಡು ಎದುರಿಗೇ ನಿಂತಿದ್ದ.

"ಮಾವ, ನೀನು ಬಾಯಿ ಬಿಡೋ ಹಾಗಿಲ್ಲ."

"ನಾನ್ಯಾಕೆ ಬಿಡ್ಲಿ ತಾಯಿ? ನೀನು ಕರ್ಕೊಂಡು ಹೋದ ಕಡೆ ಬರೋದಷ್ಟೇ."

ಹೊರಡುವಾಗ ಯಜಮಾನಿ ಒಂದು ನಿಯಮ ಹೇಳಿದಳು. "ನಮ್ಮ ಗೈಡು ಅತಿಥಿಗಳಿಗೆ ಬೆನ್ನು ತೋರಿಸಲ್ಲ. ಅವರ ಮುಖ ನೋಡ್ತಾ ಹಿಂದಕ್ಕೆ ನಡೀಬೇಕು."

ಅದಕ್ಕೇನಂತೆ! ಹಳೇ ಸುಂಕದ ಕಟ್ಟೆ, ಬಣ್ಣದ ಬಾಲ್ಕನಿಗಳ ಬೀದಿ, ಎಲ್ಲವನ್ನೂ ಹಿಂದೆ ಹಿಂದೆ ನಡೆಯುತ್ತಲೇ ಪಟಪಟನೆ ಒದರಿದಳು. ಗಡಿಯಾರದ ಗೋಪುರದ ಬಳಿ ಬಲಕ್ಕೆ ತಿರುಗಿದರೆ ದೀಪಸ್ತಂಭ. ತಿರುಗಿದಳು, ತನ್ನ ಬಲಕ್ಕೆ. ಜನರಿಗೆ ಮುಖ ಮಾಡಿ ನಡೆಯುವಾಗ ತನ್ನ ಬಲ ಅವರ ಎಡ ಎಂಬುದೇ ಮರೆತಿತ್ತು.

ಗಲ್ಲಿ ಕಿರಿದಾಯಿತು. ಬೆನ್ನಿಗೆ ಬಾಗಿಲು ತಾಗಿತು, ತೆರೆದುಕೊಂಡಿತು. ಒಳಗೆ ನೆಲದ ತುಂಬ ಹಾಸಿದ ದೋಣಿಯ ಹಾಯಿ, ನಡುವೆ ದಬ್ಬಣ ಹಿಡಿದ ಮುದುಕಿ.

"ದೀಪಸ್ತಂಭ ತೀರಾ ಕುಳ್ಳಗಿದೆ ಕಣೇ," ಎಂದ ಮಾವ.

ಕೆಲಸ ಹೋಯಿತು ಎಂದು ಹುಡುಗಿ ಅಂದುಕೊಳ್ಳುವಷ್ಟರಲ್ಲಿ ಮುದುಕಿ ಹೇಳಿದಳು: "ಬಂದಿದ್ದೀರಲ್ಲ, ಚಪ್ಪಲಿ ಬಿಟ್ಟು ಆ ತುದಿ ಹಿಡೀರಿ. ಮಡಚೋಕೆ ಬೆಳಗ್ಗೆಯಿಂದ ಕೈ ಸಾಲ್ತಿಲ್ಲ."

ಹಿಡಿದರು, ಎಳೆದರು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹೊಲಿಗೆ ಹಾಕಿಯೂ ನೋಡಿದರು. ಹೊರಡುವಷ್ಟರಲ್ಲಿ ದೀಪಸ್ತಂಭದ ಬಾಗಿಲು ಮುಚ್ಚಿತ್ತು.

ಯಜಮಾನಿ ಹುಡುಗಿಯನ್ನು ಪಕ್ಕಕ್ಕೆ ಕರೆದಳು. "ದೀಪಸ್ತಂಭದಲ್ಲಿ ಜನ ಇಷ್ಟು ನಕ್ಕಿದ್ದೇ ಇಲ್ಲ. ಕೆಲಸ ನಿನ್ನದು. ಆದ್ರೆ ದಿನಾ ಹೀಗೇ ದಾರಿ ತಪ್ಪಬೇಕು."

"ಬೇಕಂತಲೇನಾ? ಸೀದಾ ಅಜ್ಜಿ ಹತ್ರಾನೇ ಕರ್ಕೊಂಡು ಬರ್ತೀನಿ ಮೇಡಂ, ದಾರಿ ಗೊತ್ತು ನಂಗೆ!"

"ಗೊತ್ತಿದ್ರೆ ಆ ಮಜಾ ಎಲ್ಲಿ ಬರುತ್ತೆ?"

"ಮಾಡ್ತಾಳೆ ಬಿಡಿ," ಎಂದು ಮಾವ ನಡುವೆ ಬಾಯಿ ಹಾಕಿದ. "ಚಿಕ್ಕಂದಿನಿಂದ ಪ್ರಾಕ್ಟೀಸ್ ಇದೆ."

ಮರುದಿನ ಹೊಸ ಗುಂಪು, ಅದೇ ಗೋಪುರ. ಹುಡುಗಿ ಒಂದು ಗಳಿಗೆ ನಿಂತಳು. ಆಮೇಲೆ ತನ್ನ ಬಲಕ್ಕೇ ತಿರುಗಿ, ಬಾಗಿಲಿಗೆ ಬೆನ್ನು ತಾಗಿಸಿ, ಹಣೆ ಚಚ್ಚಿಕೊಂಡಳು. "ಅಯ್ಯೋ, ಎಲ್ಲಿಗೆ ಬಂದ್ವಿ ಇದು!"

ಒಬ್ಬ ಹೆಂಗಸು ಪಾಪ, ಅವಳ ಭುಜ ತಟ್ಟಿದಳು. "ಇರ್ಲಿ ಬಿಡಮ್ಮ, ಊರಿಗೆ ಹೊಸಬಳಿರಬೇಕು."

ಹುಟ್ಟಿದ ಊರಿನಲ್ಲಿ ನಿಂತು, ಹಲ್ಲು ಕಚ್ಚಿಕೊಂಡು, ಹುಡುಗಿ "ಹೂಂ" ಎಂದಳು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ, ಹೇಳಿ?